ಕ್ವಿಲಿಗನ್ನನ ಎಡಗೈ

ನಮ್ಮ ಕೇರಿಯ ಯಾವ ಹುಡುಗನ ಕೈಗಾದರೂ ಒಂದು ರಗ್ಬಿ ಚೆಂಡು ಕೊಟ್ಟು ನೋಡಿ. ಚೆಂಡನ್ನು ಬಲಗಂಕುಳಲ್ಲಿ ಅವುಚಿಕೊಳ್ಳುತ್ತಾನೆ, ಎಡಗೈಯನ್ನು ಸೊಂಟಕ್ಕೆ ಒತ್ತಿ ಹಿಡಿಯುತ್ತಾನೆ, ತಲೆ ತಗ್ಗಿಸಿ ಓಡುತ್ತಾನೆ. ಲಿಮರಿಕ್ ಪಟ್ಟಣದ ಬೇರೆ ಯಾವ ಕೇರಿಯವರೂ ಹೀಗೆ ಓಡುವುದಿಲ್ಲ. ಭೂಮಿಯ ಮೇಲೆಯೇ ಬೇರೆ ಯಾರೂ ಹೀಗೆ ಓಡುವುದಿಲ್ಲ. ರಗ್ಬಿಯಲ್ಲಿ ಎಡಗೈಗೆ ನೂರೆಂಟು ಕೆಲಸ. ಎದುರು ಬಂದವನ ಎದೆಗೆ ಕೊಟ್ಟು ತಳ್ಳಬೇಕು, ಬೀಳುವಾಗ ನೆಲಕ್ಕೆ ಊರಬೇಕು, ಓಡಲಾಗದಾಗ ಬಲಗೈಗೆ ಜೊತೆಯಾಗಿ ಚೆಂಡನ್ನು ಗೆಳೆಯನ ಕಡೆಗೆ ಎಸೆಯಬೇಕು. ಇಷ್ಟೆಲ್ಲ ಕೆಲಸಕ್ಕೆ ರಜೆ ಕೊಟ್ಟು ಕೈಯನ್ನು ಸೊಂಟದ ಮೇಲೆ ಕೂರಿಸಿದ್ದರಿಂದ ನಮ್ಮ ಕಿರಿಯರ ತಂಡ ಒಂಬತ್ತು ವರ್ಷ ಒಂದೇ ಸಮನೆ ಸೋತಿತು. ನಾಲ್ಕು ಮೂಗು ಮುರಿದವು. ಒಂದು ಭುಜ ಕೀಲು ತಪ್ಪಿತು, ಅದೂ ಎಡಭುಜವೇ. ಕೈ ಮಾತ್ರ ಸೊಂಟ ಬಿಟ್ಟು ಕದಲಲಿಲ್ಲ. ಸೆನನ್ ಕ್ವಿಲಿಗನ್ ಹಾಗೆ ಓಡಿದ್ದ. ಐರ್ಲೆಂಡಿನ ಹಸಿರು ಅಂಗಿ ತೊಟ್ಟು, ಇಂಗ್ಲೆಂಡಿನ ವಿರುದ್ಧ, ಡಬ್ಲಿನ್ನಿನಲ್ಲಿ, ಹದಿನಾರು ಸಾವಿರ ಜನರ ಮುಂದೆ ಹಾಗೆ ಓಡಿದ್ದ.

ಮಲ್ಕ್ವೀನನ ಪಬ್ಬಿನ ಗೋಡೆಯಲ್ಲಿ ಪೋಪರ ಪಟದ ಪಕ್ಕಕ್ಕೆ ಅದರ ಫೋಟೊ ಇದೆ. ಪತ್ರಿಕೆಯಿಂದ ಕತ್ತರಿಸಿದ್ದು. ಮಳೆ, ಕೆಸರು, ಮಸಿಯ ನಡುವೆ ಒಂದು ದೊಡ್ಡ ಆಕೃತಿ, ಸೊಂಟದ ಮೇಲೆ ಒಂದು ಕೈ. ಆ ಕೈ ಅಲ್ಲೇಕೆ ಇತ್ತು ಎಂಬುದರ ಬಗ್ಗೆ ಪಬ್ಬಿನಲ್ಲಿ ಪಂಥಗಳೇ ಇದ್ದವು. ಶಾಲೆಯ ಮೇಷ್ಟ್ರು ಹೇಳುತ್ತಿದ್ದುದು, ಅದು ತಿರಸ್ಕಾರದ ಭಂಗಿ: ಇಂಗ್ಲೆಂಡಿಗೆ ಒಂದು ಕೈ ಸಾಕು, ಇನ್ನೊಂದನ್ನು ಫ್ರಾನ್ಸಿಗೆ ಉಳಿಸಿಕೊಂಡಿದ್ದ. ಹಂದಿಮಾಂಸದ ಕಾರ್ಖಾನೆಯವರು ಹೇಳುತ್ತಿದ್ದುದು, ಅದು ಕಸುಬಿನ ಅಭ್ಯಾಸ: ದಿನವೂ ಅರ್ಧ ಹಂದಿಯನ್ನು ಬಲಗಂಕುಳಲ್ಲಿ ಹಿಡಿದು, ಎಡಗೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು ಇಳಿಯುವವನಿಗೆ ಕಂಬಿ ಇಲ್ಲದ ಕಡೆ ಸೊಂಟವೇ ಕಂಬಿ. ಹೆಂಗಸರ ಪಂಥ ಬೇರೆ: ಅವನ ಚಡ್ಡಿಯ ಪಟ್ಟಿಯೊಳಗೆ ಡೀಲಿಯಾ ಕೊಟ್ಟ ಸಂತ ಅಂತೋಣಿಯ ಪದಕ ಇತ್ತು, ಅವನು ಓಡುವಷ್ಟು ಹೊತ್ತೂ ಅದನ್ನು ಒತ್ತಿ ಹಿಡಿದಿದ್ದ. ಡೀಲಿಯಾ ಈ ಪಂಥದವಳು. ಅವಳು ಅವನ ಹೆಂಡತಿಯಾದ್ದರಿಂದ ಈ ಪಂಥಕ್ಕೆ ತೂಕ ಹೆಚ್ಚು.

ಕ್ವಿಲಿಗನ್ನನ ಪಂಥ ಯಾವುದು ಎಂದು ಯಾರೂ ಕೇಳಿರಲಿಲ್ಲ. ಅವನು ಮಾತಾಡುವವನಲ್ಲ.

ಅವನು ಹುಟ್ಟಿದ್ದು ಆಬಿ ಹೊಳೆಯ ಪಕ್ಕದ ನಮ್ಮ ಓಣಿಯ ಮೂರನೇ ಮನೆಯಲ್ಲಿ. ಅಪ್ಪ ಬೇಗ ತೀರಿಕೊಂಡ. ತಾಯಿ ವಿನಿ ಕ್ವಿಲಿಗನ್ ಹೊಲಿಗೆ ಹಾಕಿ ಮಗನನ್ನು ಬೆಳೆಸಿದಳು. ಮಗ ಬೆಳೆಯುವುದರಲ್ಲಿ ಜಿಪುಣತನ ಮಾಡಲಿಲ್ಲ. ಹದಿನಾಲ್ಕಕ್ಕೆ ಕಾರ್ಖಾನೆಗೆ ಸೇರಿದ, ಹದಿನೆಂಟಕ್ಕೆ ಕೇರಿಯ ತಂಡಕ್ಕೆ. ಅವನ ಜಾಗ ಸ್ಕ್ರಮ್ಮಿನ ನಟ್ಟನಡುವೆ. ಸ್ಕ್ರಮ್ ಎಂದರೆ ಎರಡೂ ಕಡೆಯ ಎಂಟೆಂಟು ಗಂಡಸರು ಬಗ್ಗಿ, ಮುಂದಿನವನ ತೊಡೆಗಳ ನಡುವೆ ಹಿಂದಿನವನು ತಲೆ ತೂರಿಸಿ, ಕೋಣಗಳಂತೆ ಒಬ್ಬರನ್ನೊಬ್ಬರು ತಳ್ಳುವುದು. ಹನ್ನೊಂದು ವರ್ಷ ಕ್ವಿಲಿಗನ್ ಹಾಗೆ ತಳ್ಳಿದ. ಚೆಂಡು ಅವನ ಕಾಲ ಕೆಳಗೆ ಹಾದು ಹೋಗುತ್ತಿತ್ತು, ಹಿಂದಿನಿಂದ ಯಾರೋ ಎತ್ತಿಕೊಂಡು ಓಡುತ್ತಿದ್ದರು, ದೂರದಲ್ಲಿ ಜನ ಕೂಗುತ್ತಿದ್ದರು. ಯಾರು ಗೆದ್ದರೆಂದು ಅವನು ಆಟ ಮುಗಿದ ಮೇಲೆ ಕೇಳಿ ತಿಳಿದುಕೊಳ್ಳುತ್ತಿದ್ದ.

ಇಂಥವನು ಪ್ರೀತಿಸಿದ್ದು ಲೂಕ್ ಕ್ಲಾನ್ಸಿಯ ಮಗಳನ್ನು.

ಲೂಕ್ ಕ್ಲಾನ್ಸಿ ಆಬಿ ಹೊಳೆಯ ಸಾಲ್ಮನ್ ಮೀನುಗಾರ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಆ ನೀರಿಗೆ ಬಲೆ ಬೀಸುವ ಹಕ್ಕಿದ್ದ ಮನೆತನ; ಸೊಕ್ಕು ಹಕ್ಕಿನ ಜೊತೆಗೇ ಬಂದಿತ್ತು. ಅದರ ಮೇಲೆ ಅವನು ಯೌವನದಲ್ಲಿ ತಂಡದ ಅಂಚಿನ ಓಟಗಾರ. ಮೂವತ್ತೊಂದು ಟ್ರೈ ಹೊಡೆದಿದ್ದ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದೇ ಟ್ರೈ. ಲೂಕನ ಪಾಲಿಗೆ ಜಗತ್ತಿನಲ್ಲಿ ಎರಡೇ ಜಾತಿ, ಟ್ರೈ ಹೊಡೆದವರು ಮತ್ತು ಉಳಿದವರು.

ಜನವರಿಯ ಒಂದು ಭಾನುವಾರ ಪೂಜೆ ಮುಗಿಸಿ ಸೆನನ್ ಅವನ ಬಾಗಿಲಿಗೆ ಹೋದ. ಲೂಕ್ ಹೊಸ್ತಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದ.

"ಯಜಮಾನ್ರೆ, ಡೀಲಿಯಾನ ಕೇಳೋಣ ಅಂತ ಬಂದೆ."

"ಒಳಗಿದ್ದಾಳೆ. ಏನು ಕೇಳ್ಬೇಕೋ ಕೇಳು."

"ಅಲ್ಲ. ಮದುವೆಗೆ."

ಲೂಕ್ ಬಲೆ ಕೆಳಗಿಟ್ಟು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ನೋಡಲು ಸ್ವಲ್ಪ ಹೊತ್ತು ಬೇಕಾಯಿತು.

"ಹಿಂದೆ ತಿರುಗು."

ಸೆನನ್ ತಿರುಗಿದ. ಅವನ ಭಾನುವಾರದ ಕೋಟಿನ ಬೆನ್ನ ಮೇಲೆ ಹೋದ ವರ್ಷದ ಸೀಮೆಸುಣ್ಣದ ಗೀಟುಗಳ ಕಲೆ ಇನ್ನೂ ಇತ್ತು. ಶ್ರೋವ್ ಮಂಗಳವಾರ ಕಳೆದರೆ ನಲವತ್ತು ದಿನದ ಉಪವಾಸ ಶುರು, ಈಸ್ಟರ್ ತನಕ ಚರ್ಚಿನಲ್ಲಿ ಯಾರಿಗೂ ಮದುವೆ ಇಲ್ಲ. ಅಷ್ಟರೊಳಗೆ ಜೋಡಿಯಾಗದ ಗಂಡಸರ ಬೆನ್ನಿಗೆ ಉಪವಾಸದ ಮೊದಲ ಭಾನುವಾರ ಚರ್ಚಿನ ಬಾಗಿಲಲ್ಲಿ ಕೇರಿಯ ತರಲೆಗಳು ಸುಣ್ಣ ಗೀಚುತ್ತಾರೆ. ಬೇರೆಯವರು ಓಡಿ ತಪ್ಪಿಸಿಕೊಳ್ಳುತ್ತಾರೆ. ಸೆನನ್ ಏಳು ವರ್ಷ ನಿಂತು ಗೀಚಿಸಿಕೊಂಡಿದ್ದ.

"ಇದನ್ನೂ ತಪ್ಪಿಸಿಕೊಳ್ಳೋಕೆ ಓಡಲಿಲ್ಲ ನೀನು," ಎಂದ ಲೂಕ್. "ಎಷ್ಟು ವರ್ಷದಿಂದ ಆಡ್ತಿದ್ದೀಯ?"

"ಹನ್ನೊಂದು."

"ಎಷ್ಟು ಟ್ರೈ?"

ಸೆನನ್ ತನ್ನ ಬೂಟಿನ ತುದಿ ನೋಡಿಕೊಂಡ.

"ಸೊನ್ನೆ ಅನ್ನೋದಕ್ಕೂ ಬಾಯಿ ಬರಲ್ವೇನೋ?"

"ಸೊನ್ನೆ."

"ನಾನು ಮೂವತ್ತೊಂದು. ನನ್ನ ಮೊಮ್ಮಕ್ಕಳು ಇನ್ನೊಬ್ಬರ ಅಂಡಿನ ನಡುವೆ ತಲೆ ಇಟ್ಟು ಬಾಳೋ ಜಾತಿ ಆಗ್ಬೇಕಾ?"

ಒಳಗಿನಿಂದ ಡೀಲಿಯಾಳ ದನಿ ಬಂತು: "ಅಪ್ಪಾ, ಮೂವತ್ತೊಂದು ಟ್ರೈ ಹೊಡೆದೋನ್ನ ಕಟ್ಕೊಂಡು ಅಮ್ಮ ಯಾವ ಅರಮನೆ ಕಂಡ್ಲು?"

"ನೀನು ಆಲೂಗಡ್ಡೆ ಸಿಪ್ಪೆ ತೆಗಿ!"

"ತೆಗೆದಾಯ್ತು. ನಿಮ್ಮದು ತೆಗೀಲಾ?"

ಓಣಿಯ ಕಿಟಕಿಗಳಲ್ಲೆಲ್ಲ ಆಗಲೇ ತಲೆಗಳಿದ್ದವು. ನಗು ಕೇಳಿ ಲೂಕನ ಕಿವಿ ಕೆಂಪಾಯಿತು. ಕಿವಿ ಕೆಂಪಾದಾಗ ಅವನು ಆಡಿದ ಮಾತನ್ನು ಎಂದೂ ಹಿಂದಕ್ಕೆ ತೆಗೆದುಕೊಂಡವನಲ್ಲ.

"ಕೇಳು ಕ್ವಿಲಿಗನ್. ಎಲ್ಲರೂ ಕೇಳಿ. ಶ್ರೋವ್ ಮಂಗಳವಾರದ ಒಳಗೆ ಒಂದು ಟ್ರೈ. ಒಂದೇ ಒಂದು. ನನ್ನ ಕಣ್ಣೆದುರು. ಹೊಡೆದ್ರೆ ಅದೇ ಮಂಗಳವಾರ ನಾನೇ ಕೈ ಹಿಡಿಸಿ ಕೊಡ್ತೀನಿ. ಹೊಡೀಲಿಲ್ವೋ, ಟೂಹಿಗ್ ಕೇಳ್ತಿದ್ದಾನೆ, ಟೂಹಿಗ್‌ಗೆ ಕೊಡ್ತೀನಿ."

ಟೂಹಿಗ್ ಕಲ್ಲಿದ್ದಲು ವ್ಯಾಪಾರಿ. ಹೆಂಡತಿ ತೀರಿಕೊಂಡವನು, ಐವತ್ತೆರಡು ವರ್ಷ, ಒಂದು ಕುದುರೆಗಾಡಿ. ಅವನ ಟ್ರೈಗಳ ಲೆಕ್ಕವನ್ನು ಲೂಕ್ ಏಕೆ ಕೇಳಲಿಲ್ಲ ಎಂಬುದು ಕುದುರೆಗಾಡಿಗೆ ಗೊತ್ತು.

ಶ್ರೋವಿಗೆ ಮುಂಚೆ ಕೇರಿಯ ತಂಡಕ್ಕೆ ಎರಡೇ ಆಟ ಉಳಿದಿದ್ದವು. ಇಡೀ ತಂಡ ಪಣ ತೊಟ್ಟು ಸೆನನ್ನನ ಕೈಗೆ ಚೆಂಡು ತುರುಕಿತು. ಮೊದಲನೆಯದರಲ್ಲಿ ಅವನು ಅಭ್ಯಾಸಬಲದಿಂದ ಚೆಂಡನ್ನು ಪಕ್ಕದವನಿಗೆ ಎಸೆದುಬಿಟ್ಟ. ಪಕ್ಕದವನು ವಾಪಸು ಎಸೆದ. ಇವನು ಮತ್ತೆ ಎಸೆದ. ಎದುರಾಳಿಗಳು ನಿಂತು ನೋಡುತ್ತಿದ್ದರು. ಎರಡನೆಯದರಲ್ಲಿ ಗೆರೆಗೆ ಒಂದು ಗಜ ಮುಂಚೆ ನಿಂತು, ಇದು ಗೆರೆಯೋ ಕಾಲುದಾರಿಯೋ ಎಂದು ಯೋಚಿಸಿದ; ಅಷ್ಟರಲ್ಲಿ ಐದು ಜನ ಅವನ ಮೇಲಿದ್ದರು. ಲೂಕ್ ಎರಡೂ ಆಟಕ್ಕೆ ಬಂದು, ಎರಡೂ ಸಲ ಹರ್ಷದಿಂದ ಮನೆಗೆ ಹೋದ.

ಆಗ ಡಬ್ಲಿನ್ನಿನಿಂದ ಕಾಗದ ಬಂತು.

ಐರ್ಲೆಂಡ್ ತಂಡದ ಸ್ಕ್ರಮ್ಮಿನಲ್ಲಿ ಒಬ್ಬನಿಗೆ ಗದ್ದಬಾವು ಬಂದಿತ್ತು. ಮನ್ಸ್ಟರ್ ಪ್ರಾಂತ್ಯದ ಪರವಾಗಿ ಸೆನನ್ ತಳ್ಳಿದ್ದನ್ನು ಯಾರೋ ಒಬ್ಬ ಆಯ್ಕೆಗಾರ ನೋಡಿ ನೆನಪಿಟ್ಟಿದ್ದ. ಶನಿವಾರ, ಶ್ರೋವಿಗೆ ಮೂರು ದಿನ ಮುಂಚೆ, ಇಂಗ್ಲೆಂಡಿನ ವಿರುದ್ಧ ಆಟ. ಕೇರಿ ಎರಡು ದಿನ ಕುಣಿಯಿತು, ಮೂರನೆಯ ದಿನ ಚಿಂತೆಗೆ ಬಿತ್ತು. ಐರ್ಲೆಂಡ್ ಗೆಲ್ಲುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲ. ಮರುದಿನ ಭಾನುವಾರ ಪಕ್ಕದ ಕೇರಿಯವರ ಜೊತೆ ಹಗ್ಗ ಜಗ್ಗಾಟದ ಪಂದ್ಯ ಇತ್ತು. ಅದಕ್ಕೆ ಮುಂಚೆ ಈ ಮನುಷ್ಯ ಯಾವುದೋ ಇಂಗ್ಲೆಂಡಿಗಾಗಿ ಮೈ ನೋಯಿಸಿಕೊಂಡರೆ?

"ಹುಷಾರು ಕಣಪ್ಪ," ಎಂದ ಮಲ್ಕ್ವೀನ್. "ಐರ್ಲೆಂಡ್ ಆಟ ಮುಂದಿನ ವರ್ಷಾನೂ ಬರುತ್ತೆ."

ಕಾಗದದಲ್ಲಿ ಇನ್ನೊಂದು ಸಾಲಿತ್ತು: ಅಂಗಿ ನಾವು ಕೊಡುತ್ತೇವೆ, ಬಿಳಿ ಚಡ್ಡಿ ಮತ್ತು ಬೂಟು ನಿಮ್ಮದು. ಡಬ್ಲಿನ್ನಿನ ವಕೀಲರ ಮಕ್ಕಳ ಮನೆಯಲ್ಲಿ ಬಿಳಿ ಚಡ್ಡಿ ಇರಬಹುದು. ನಮ್ಮ ಕೇರಿಯವರು ಹಳೆ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿಕೊಂಡು ಆಡುವವರು. ಕೇರಿಯಲ್ಲಿ ಬೆಳ್ಳಗಿದ್ದುದೆಂದರೆ ಎರಡೇ: ಪಾದ್ರಿಯ ನಿಲುವಂಗಿ, ಹಿಟ್ಟಿನ ಚೀಲ.

ವಿನಿ ಕ್ವಿಲಿಗನ್ ಹಿಟ್ಟಿನ ಚೀಲವನ್ನು ಆರಿಸಿದಳು. ಮಿಲ್ಲಿನಿಂದ ಎರಡು ಚೀಲ ತಂದು, ಎರಡು ದಿನ ಒಗೆಯುವ ಸೋಡಾದಲ್ಲಿ ಕುದಿಸಿ, ಹೊಳೆದಂಡೆಯಲ್ಲಿ ಒಣಹಾಕಿದಳು. ಎಷ್ಟು ಕುದಿಸಿದರೂ ಒಂದು ಚೀಲದ ಮೇಲಿನ 'ಮೊದಲ ದರ್ಜೆ' ಎಂಬ ನೀಲಿ ಅಕ್ಷರ ಪೂರ್ತಿ ಹೋಗಲಿಲ್ಲ. ಅದನ್ನು ಹಿಂಬದಿಗೆ ಹಾಕಿದಳು. ನಮ್ಮ ಓಣಿಯಲ್ಲಿ ಯಾರಿಗೂ ಯಾವ ಬಟ್ಟೆಯನ್ನೂ ಮೈಗೆ ಸರಿಯಾಗಿ ಹೊಲಿದದ್ದಿಲ್ಲ. ಚರ್ಚಿನಲ್ಲಿ ಮೊದಲ ಪ್ರಸಾದ ಪಡೆಯುವ ದಿನ ಹುಡುಗರು ತೊಡುವ ಕೋಟಿನ ತೋಳು ಬೆರಳು ದಾಟಿ ನೇತಾಡುತ್ತದೆ. ಅದೇ ಕೋಟು ಮೂರು ತಮ್ಮಂದಿರನ್ನು ಕಂಡು, ಅಪ್ಪನ ಒಳಕೋಟಾಗಿ, ಒಲೆ ಒರೆಸುವ ಬಟ್ಟೆಯಾಗಿ ಸಾಯುತ್ತದೆ. ವಿನಿ ಆ ಶಾಸ್ತ್ರದ ಪಂಡಿತೆ.

ಸೆನನ್ ಚಡ್ಡಿ ತೊಟ್ಟು ಅಡುಗೆಮನೆಯಲ್ಲಿ ನಿಂತ. ಒಳಗೆ ಇನ್ನೊಬ್ಬ ಆಟಗಾರನಿಗೆ ಜಾಗವಿತ್ತು.

"ಅಮ್ಮ, ದೊಡ್ಡದಾಯ್ತು."

"ಬೆಳೀತೀಯ."

"ನನಗೀಗ ಇಪ್ಪತ್ತೊಂಬತ್ತು."

"ನಿಮ್ಮಪ್ಪ ಮೂವತ್ತಾದ ಮೇಲೆ ಬೆಳೆದ. ಅಡ್ಡಡ್ಡ."

"ಅಮ್ಮ, ಇದು ಒಂದು ಮಧ್ಯಾಹ್ನದ ಆಟ."

"ಒಂದು ಮಧ್ಯಾಹ್ನಕ್ಕೆ ಅಂತ ಎರಡು ಒಳ್ಳೆ ಚೀಲಕ್ಕೆ ಕತ್ತರಿ ಹಾಕೋಕೆ ನಾನೇನು ಇಂಗ್ಲೆಂಡ್ ರಾಣೀನಾ? ಬಟ್ಟೆ ತುಂಡು ಮಾಡ್ದೆ ಹೊಲಿದಿದ್ದೀನಿ ಕಣೋ. ನೀನು ಬಂದ ಮೇಲೆ ದಾರ ಬಿಚ್ಚಿದ್ರೆ ಎರಡು ದಿಂಬಿನ ಚೀಲ ಆಗುತ್ತೆ."

"ಯಾರಿಗೆ ದಿಂಬು?"

"ಮದುವೆ ಆಗ್ತಿದ್ದೀಯಲ್ಲ."

"ಟ್ರೈ ಹೊಡೆದ್ರೆ."

"ಹೊಡಿ ಮತ್ತೆ. ಹೊಲಿದಾಗಿದೆ."

ಸೊಂಟಕ್ಕೆ ಲಾಡಿ ಬೇಕಿತ್ತು. ತನ್ನ ಹಳೆಯ ಏಪ್ರನ್ನಿನಿಂದ ಲಾಡಿ ಬಿಚ್ಚಿ ಪೋಣಿಸಿದಳು. ಆ ಲಾಡಿ ಅದಕ್ಕೂ ಮೊದಲು ಅವಳ ತಾಯಿಯ ಏಪ್ರನ್ನಿನಲ್ಲಿತ್ತು. ಅದಕ್ಕಿನ್ನೂ ಆಯುಸ್ಸಿದೆ ಎಂದಳು. ಡೀಲಿಯಾ ಸಂಜೆ ಅಪ್ಪನ ಕಣ್ಣು ತಪ್ಪಿಸಿ ಬಂದು, ಬೆರಳ ಉಗುರಿನಷ್ಟು ದೊಡ್ಡ ಅಂತೋಣಿಯ ಪದಕ ಕೊಟ್ಟಳು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅವನು. ಸೆನನ್ನನ ಟ್ರೈ ಹುಟ್ಟುವುದಕ್ಕೆ ಮುಂಚೆಯೇ ಕಳೆದುಹೋಗಿದ್ದರಿಂದ ಇದು ಅವನಿಗೆ ಸಲ್ಲಬೇಕಾದ ಕೆಲಸವೇ. ವಿನಿ ಪದಕವನ್ನು ಪಟ್ಟಿಯೊಳಗೆ ಇಟ್ಟು ಹೊಲಿದಳು.

"ಎಲ್ಲಿ ನೋವಾದ್ರೂ ಅದನ್ನ ಮುಟ್ಟಿಕೋ," ಎಂದಳು ಡೀಲಿಯಾ.

"ಹೂಂ," ಎಂದ ಸೆನನ್.

ಶುಕ್ರವಾರದ ರೈಲಿಗೆ ಸೆನನ್ ಹತ್ತಿದ. ಅವನ ಹಿಂದೆಯೇ, ಒಂದು ಬುಟ್ಟಿಯಲ್ಲಿ ಬೇಯಿಸಿದ ಹಂದಿಗಾಲು ಹಿಡಿದು, ಲೂಕ್ ಕ್ಲಾನ್ಸಿ ಹತ್ತಿದ.

"ನೀವ್ಯಾಕೆ ಯಜಮಾನ್ರೆ?" ಎಂದು ಇಡೀ ನಿಲ್ದಾಣ ಕೇಳಿತು.

"ನನ್ನ ಕಣ್ಣೆದುರು ಅಂತ ಹೇಳಿದ್ದೆ. ಈ ಕೇರಿಯವರ ಬಾಯಿಂದ ಕೇಳಿ ಮಗಳನ್ನ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ಮೂರು ಗಾವುದ ದೂರದವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ. ಆಮೇಲೆ ಲೂಕ್ ಒಂದು ಹಂದಿಗಾಲು ಮುಂದೆ ಹಿಡಿದ. ಸೆನನ್ ತಿಂದ. ಅಷ್ಟೆ.

ಶನಿವಾರ ಸಂಜೆ ಪತ್ರಿಕಾ ಕಚೇರಿಯ ಕಿಟಕಿಗೆ ತಂತಿಯಲ್ಲಿ ಬಂದ ಫಲಿತಾಂಶ ಅಂಟಿಸುತ್ತಾರೆ. ಕೇರಿಯೆಲ್ಲ ಅಲ್ಲಿತ್ತು. ಡೀಲಿಯಾ ಶಾಲು ಬಿಗಿದುಕೊಂಡು ಮುಂದಿನ ಸಾಲಿನಲ್ಲಿ. ಟೂಹಿಗ್ ತನ್ನ ಕುದುರೆಗಾಡಿಯಲ್ಲಿ, ಎತ್ತರದಲ್ಲಿ. ಗುಮಾಸ್ತ ಬಂದು ಚೀಟಿ ಅಂಟಿಸಿದ: ಇಂಗ್ಲೆಂಡ್ ಹದಿನಾಲ್ಕು, ಐರ್ಲೆಂಡ್ ಮೂರು.

ಸೋತಿದ್ದೇವೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಆ ಮೂರರ ಮೇಲೆ. ಟ್ರೈ ಹೊಡೆದರೆ ಮೂರು. ಆದರೆ ಎದುರಾಳಿಯ ತಪ್ಪಿಗೆ ಸಿಗುವ ಒದೆತ ಕಂಬಗಳ ನಡುವೆ ಹೋದರೂ ಮೂರು. ಯಾವ ಮೂರು? ಟ್ರೈಯಾದರೆ ಯಾರದು?

"ಯಾರು ಹೊಡೆದ್ರು, ಸಾರ್?" ಎಂದು ಡೀಲಿಯಾ ಗಾಜು ಬಡಿದಳು.

"ಬಂದಿದ್ದು ಇಷ್ಟೇ ಕಣಮ್ಮ."

"ಎಂಟು ಜನ ಸ್ಕ್ರಮ್‌ನೋರು, ಏಳು ಜನ ಓಡೋರು," ಎಂದ ಟೂಹಿಗ್ ಮೇಲಿನಿಂದ. "ಹೊಡೆಯೋದು ಓಡೋರಪ್ಪ."

"ನೀವು ಗಾಡಿ ಇಳಿದು ಮಾತಾಡಿ ಯಜಮಾನ್ರೆ," ಎಂದಳು ವಿನಿ. "ಕುದುರೆಗೆ ನಾಚಿಕೆ ಆಗ್ತಿದೆ."

ಭಾನುವಾರ ಪತ್ರಿಕೆ ಇಲ್ಲ. ಲೂಕ್ ತಂತಿ ಕಳಿಸುವವನಲ್ಲ. ತಂತಿಗೆ ಕಾಸು ಬೇಕು. ಮಧ್ಯಾಹ್ನದ ರೈಲಿಗೆ ಕೇರಿಯೆಲ್ಲ ನಿಲ್ದಾಣಕ್ಕೆ ಹೋಯಿತು. ಹಗ್ಗ ಜಗ್ಗಾಟದ ಪಂದ್ಯವನ್ನು ಪಕ್ಕದ ಕೇರಿಯವರೇ ಮುಂದಕ್ಕೆ ಹಾಕಿದ್ದರು. ಅವರೂ ನಿಲ್ದಾಣದಲ್ಲಿದ್ದರು, ಏನಾಯಿತೆಂದು ತಿಳಿಯದೆ ಅವರಿಗೂ ಹಗ್ಗ ಹಿಡಿಯುವ ಮನಸ್ಸಿರಲಿಲ್ಲ.

ಮೊದಲು ಇಳಿದದ್ದು ಲೂಕ್. ಟೋಪಿ ಇಲ್ಲ. ಖಾಲಿ ಬುಟ್ಟಿ. ಕಣ್ಣು ಕೆಂಪು.

"ಅಪ್ಪ," ಎಂದಳು ಡೀಲಿಯಾ. "ಏನಾಯ್ತು?"

ಲೂಕ್ ಬಾಯಿ ತೆರೆದ. ದನಿ ಬರಲಿಲ್ಲ. ಗಂಟಲಿಗೆ ಕೈ ಹಚ್ಚಿ ತೋರಿಸಿದ. ಐವತ್ತೆಂಟು ವರ್ಷ ಹೊಳೆಯ ಈ ದಡದಿಂದ ಆ ದಡಕ್ಕೆ ಬೈದರೂ ಕೆಡದ ಗಂಟಲು ಅದು. ಡಬ್ಲಿನ್ನಿನಲ್ಲಿ ಒಂದೇ ಮಧ್ಯಾಹ್ನ ಕೂಗಿ ಹೋಗಿತ್ತು. ಅವನು ಮೂರು ಬೆರಳು ಎತ್ತಿದ.

"ಮೂರು ಗೊತ್ತು ಅಪ್ಪ! ಯಾರ ಮೂರು?"

ಲೂಕ್ ಮತ್ತೆ ಮತ್ತೆ ಮೂರು ಬೆರಳು ಅಲ್ಲಾಡಿಸಿದ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಹಿಂದೆ ಸೆನನ್ ಇಳಿದ. ಒಂದು ಕಣ್ಣು ಮುಚ್ಚಿತ್ತು, ಮೂಗು ಒಂದು ಕಡೆ ತಿರುಗಿತ್ತು, ಕಂಕುಳಲ್ಲಿ ಕಾಗದದ ಪೊಟ್ಟಣ.

"ಹೊಡೆದ್ಯಾ?" ಎಂದಳು ಡೀಲಿಯಾ.

"ಹೂಂ."

"ಟ್ರೈ?"

"ಹೂಂ."

ಆಗ ಎದ್ದ ಕೂಗಿಗೆ ಎಂಜಿನ್ನಿನ ಚಾಲಕ ಹೆದರಿ ಸೀಟಿ ಊದಿದ. ಲೂಕ್ ಕ್ಲಾನ್ಸಿ, ಹನ್ನೊಂದು ವರ್ಷ ಯಾರನ್ನು ಕೋಣ ಎಂದು ಕರೆದಿದ್ದನೋ ಅವನ ಕುತ್ತಿಗೆಗೆ ಜೋತುಬಿದ್ದು, ದನಿಯಿಲ್ಲದ ಬಾಯಿಂದ ಏನೇನೋ ಹೇಳುತ್ತಿದ್ದ. ವಿನಿ ಪೊಟ್ಟಣ ಕಸಿದುಕೊಂಡು, ಬಿಚ್ಚಿ, ಚಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಹರಿದಿಲ್ಲ," ಎಂದಳು. ಟೂಹಿಗ್ ಮರ್ಯಾದಸ್ಥ. ಮಂಗಳವಾರ ಮದುಮಕ್ಕಳನ್ನು ಚರ್ಚಿಗೆ ಕರೆದೊಯ್ಯಲು ಕುದುರೆಗಾಡಿ ತಾನೇ ಕೊಟ್ಟ. ಲೂಕ್ ಆ ವರ್ಷದ ಮೊದಲ ಸಾಲ್ಮನ್ ಕೊಟ್ಟ. ಉಪವಾಸದ ಮೊದಲ ಭಾನುವಾರ ಸೆನನ್ ಹೆಂಡತಿಯ ತೋಳು ಹಿಡಿದು ಚರ್ಚಿಗೆ ಬಂದಾಗ ಸುಣ್ಣ ಹಿಡಿದು ನಿಂತಿದ್ದವರು ಎಂಟನೇ ವರ್ಷದ ಅಭ್ಯಾಸದಿಂದ ಕೈ ಎತ್ತಿ, ಡೀಲಿಯಾಳ ಕಣ್ಣು ನೋಡಿ, ಕೈ ಇಳಿಸಿದರು.

ಲೂಕನ ದನಿ ಎರಡು ವಾರದ ಮೇಲೆ ಮರಳಿತು, ಮತ್ತೆ ಇಪ್ಪತ್ತೈದು ವರ್ಷ ನಿಲ್ಲಲಿಲ್ಲ. ಅವನೊಬ್ಬನೇ ನೋಡಿದ್ದವನು. ಸ್ಕ್ರಮ್ ಕುಸಿದು, ಚೆಂಡು ಕೆಸರಿನಿಂದ ಚಿಮ್ಮಿ ಸೆನನ್ನನ ಬಲಗಂಕುಳಿಗೆ ಬಂದದ್ದು, ಪಕ್ಕದಲ್ಲಿ ಡಬ್ಲಿನ್ನಿನ ಓಟಗಾರನೊಬ್ಬ "ನನಗೆ ಕೊಡು, ನನಗೆ ಕೊಡು!" ಎಂದು ಅರಚಿದ್ದು, ಸೆನನ್ ಅವನತ್ತ ಒಮ್ಮೆ ನೋಡಿ, ಕೊಡದೆ, ಎಡಗೈ ಸೊಂಟಕ್ಕೆ ಒತ್ತಿ ನುಗ್ಗಿದ್ದು. ಲೂಕ್ ಮೊದಲ ವರ್ಷ ಹೇಳಿದಾಗ ಆ ಓಟ ಎಂಟು ಗಜ. ಐದನೇ ವರ್ಷಕ್ಕೆ ಮೂವತ್ತು. ಹದಿನೈದನೇ ವರ್ಷಕ್ಕೆ ಮೈದಾನದ ಉದ್ದ ಸಾಲದೆ ಹೋದಾಗ ಸೆನನ್ ಸ್ವಲ್ಪ ಅಡ್ಡಡ್ಡವೂ ಓಡಬೇಕಾಯಿತು. ಉರುಳಿದ ಇಂಗ್ಲಿಷರು ಇಬ್ಬರಿಂದ ಒಂಬತ್ತಾದರು, ಅವರಲ್ಲೊಬ್ಬ ಪ್ರಭುವಿನ ಮಗನಾದ.

"ಗೆರೆ ದಾಟಿ ಬಿದ್ದ ನೋಡಿ, ಏಳಲೇ ಇಲ್ಲ! ಐರ್ಲೆಂಡಿನ ಮಣ್ಣಿಗೆ ಮುತ್ತಿಡ್ತಾ ಮಲಗಿಬಿಟ್ಟ! ಒಂದು ನಿಮಿಷ! ಎರಡು ನಿಮಿಷ! ಗೆಳೆಯರು ಎತ್ತಿ ಹೆಗಲ ಮೇಲೆ ಹೊರೋಕೆ ಬಂದ್ರೆ, ಎತ್ತಬೇಡ್ರೋ ಅಂತ ಬೇಡಿಕೊಂಡ. ವಿನಯ! ಹಿಂದುಗಡೆ 'ಮೊದಲ ದರ್ಜೆ' ಅಂತ ಬರೆದಿತ್ತಲ್ಲ, ಡಬ್ಲಿನ್ ಹೆಂಗಸರೆಲ್ಲ ಓದಿ, ಹೌದು ಹೌದು ಅಂದ್ರು."

ಸೆನನ್ನನನ್ನು ಐರ್ಲೆಂಡ್ ಮತ್ತೆ ಕರೆಯಲಿಲ್ಲ. ತಳ್ಳುತ್ತಾನೆ, ಆದರೆ ಚೆಂಡು ಕೊಡುವುದಿಲ್ಲ, ಸ್ವಾರ್ಥಿ ಎಂದು ಆಯ್ಕೆಗಾರರು ಬರೆದುಕೊಂಡರಂತೆ. ದೇಶಕ್ಕೆ ಆಡಿದವರಿಗೆ ಕೊಡುವ ಮಖಮಲ್ಲಿನ ಟೋಪಿ ಅಂಚೆಯಲ್ಲಿ ಬಂತು, ಕುಚ್ಚು ಸಮೇತ. ಚಹಾದ ಕೆಟಲಿಗೆ ಅಳತೆ ಸರಿಹೋಗಿದ್ದರಿಂದ ವಿನಿ ಅದನ್ನು ಕೆಟಲಿಗೆ ತೊಡಿಸಿದಳು. ಆ ಮನೆಯ ಚಹಾದಷ್ಟು ಬಿಸಿ ಚಹಾ ಲಿಮರಿಕ್ಕಿನಲ್ಲಿಲ್ಲ. ಚಡ್ಡಿಯ ದಾರ ಬಿಚ್ಚಿ ಎರಡು ದಿಂಬಿನ ಚೀಲವಾಯಿತು. 'ಮೊದಲ ದರ್ಜೆ'ಯ ಮೇಲೆ ಡೀಲಿಯಾ ಮಲಗಿದಳು. ಆರು ಮಕ್ಕಳಾದರು. ಸೆನನ್ ಕಾರ್ಖಾನೆಯಲ್ಲಿ ಉಪ್ಪು ಹಚ್ಚುವವರ ಮೇಸ್ತ್ರಿಯಾದ, ಭಾನುವಾರ ಮಾವನ ದೋಣಿಗೆ ಹುಟ್ಟು ಹಾಕಿದ, ಮಾತಾಡಲಿಲ್ಲ. ಮಾತಾಡಲು ಲೂಕ್ ಸಂದು ಬಿಟ್ಟರೆ ತಾನೆ.

ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಮಲ್ಕ್ವೀನ್ ಹೊಸ ಹಲಗೆ ಬರೆಸಿದ. ಪಬ್ಬಿನ ಬಾಗಿಲ ಮೇಲೆ ಹಸಿರು ಅಂಗಿಯ ವೀರ, ಎಡಗೈ ಸೊಂಟದ ಮೇಲೆ, ಕಣ್ಣು ಆಕಾಶದಲ್ಲಿ. ಹಲಗೆಯ ಪರದೆ ಸರಿಸುವ ಮಧ್ಯಾಹ್ನ ಕೇರಿಯೆಲ್ಲ ಸೇರಿತು. ಕಿರಿಯರ ತಂಡ ಸಾಲಾಗಿ, ಎಡಗೈ ಸೊಂಟದ ಮೇಲಿಟ್ಟು ನಿಂತಿತು. ಎಂಬತ್ತಮೂರರ ಲೂಕ್ ಕುರ್ಚಿ ಹಾಕಿಸಿಕೊಂಡು ಕಥೆ ಹೇಳಿದ. ಅಂದಿನ ಓಟ ನೂರ ಅರವತ್ತು ಗಜ ಮುಟ್ಟಿತು. ವಿನಿ ಕಿವಿ ಕೇಳದಿದ್ದರೂ ಮುಂದಿನ ಸಾಲಿನಲ್ಲಿದ್ದಳು. ಡಬ್ಲಿನ್ನಿನ ಪತ್ರಿಕೆಯ ವರದಿಗಾರನೊಬ್ಬ ಬಂದಿದ್ದ. ಹೊರಗಿನವನು. ಅದಕ್ಕೇ, ನಮ್ಮಲ್ಲಿ ಯಾರಿಗೂ ಹೊಳೆಯದ ಕೆಲಸ ಮಾಡಿದ: ಪುಸ್ತಕ ತೆಗೆದು ನೇರವಾಗಿ ಸೆನನ್ನನನ್ನೇ ಕೇಳಿದ.

"ಮಿಸ್ಟರ್ ಕ್ವಿಲಿಗನ್, ಆ ಎಡಗೈ ಸೊಂಟದ ಮೇಲೆ ಯಾಕಿತ್ತು?"

ಮಲ್ಕ್ವೀನ್ ಲೋಟ ಒರೆಸುವುದನ್ನು ನಿಲ್ಲಿಸಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಡೀಲಿಯಾ ಗಂಡನ ಪಕ್ಕದಲ್ಲಿ ನೆಟ್ಟಗೆ ಕೂತು, ಉತ್ತರ ಗೊತ್ತಿದ್ದವಳಂತೆ ಮುಗುಳ್ನಕ್ಕಳು.

ಸೆನನ್ ಲೋಟ ಕೆಳಗಿಟ್ಟ.

"ಲಾಡಿ ಕಿತ್ತೋಗಿತ್ತು," ಎಂದ.

ವರದಿಗಾರ ಬರೆದುಕೊಳ್ಳಲು ಹೋಗಿ ತಲೆ ಎತ್ತಿದ.

"ಆ ಸ್ಕ್ರಮ್‌ನಲ್ಲೇ ಯಾರೋ ಎಳೆದ್ರು. ಅಮ್ಮ ಚಡ್ಡಿ ದೊಡ್ಡದಾಗಿ ಹೊಲಿದಿದ್ಲು. ಬಿಟ್ರೆ ಬಿದ್ದೋಗ್ತಿತ್ತು."

"ಆದ್ರೆ, ಆದ್ರೆ ನೀವು ಚೆಂಡು ಪಕ್ಕದವರಿಗೆ ಕೊಡಲಿಲ್ಲವಲ್ಲ. ನುಗ್ಗಿ ಟ್ರೈ ಹೊಡೆದ್ರಲ್ಲ. ಆ ಛಲ?"

"ಎಸೆಯೋಕೆ ಎರಡು ಕೈ ಬೇಕು ಸಾರ್."

ಲೂಕ್ ಕುರ್ಚಿಯಿಂದ ಅರ್ಧ ಎದ್ದ. "ಮತ್ತೆ ಮಣ್ಣಿಗೆ ಮುತ್ತು ಕೊಟ್ಟಿದ್ದು? ಎರಡು ನಿಮಿಷ!"

"ಗಂಟು ಹಾಕ್ಕೋತಿದ್ದೆ, ಮಾವ."

ಕಿರಿಯರ ತಂಡದಲ್ಲಿ ಒಂದೊಂದಾಗಿ ಕೈಗಳು ಸೊಂಟದಿಂದ ಇಳಿದವು. ಡೀಲಿಯಾ ಗಂಡನ ಕಡೆ ಪೂರ್ತಿ ತಿರುಗಿದಳು. ಇಪ್ಪತ್ತೈದು ವರ್ಷ, ಆರು ಮಕ್ಕಳು, ಎರಡು ದಿಂಬು.

"ನನ್ನ ಪದಕ?" ಎಂದಳು. "ಕೈ ನನ್ನ ಪದಕದ ಮೇಲಿರಲಿಲ್ವೇನ್ರೀ?"

ಸೆನನ್ ಎರಡೂ ಕೈಯಿಂದ ಸೊಂಟ ತಡವಿ ನೋಡಿಕೊಂಡ.

"ಅದು ಬಲಗಡೆ ಇತ್ತು ಕಣೇ," ಎಂದ.